ದಿನ ತುಂಬದ ಹೆರಿಗೆ ಮತ್ತು ಮನೆಯೊಳಗಿನ ಹಿಂಸೆ

(ಹಾಸನದಲ್ಲಿ ಸೇರಿದ್ದ ಮಹಿಳಾ ಗುಂಪುಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

ನಾನು ವೈದ್ಯೆಯಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂದು ವರ್ಗವಾದ ಕಡೆಗೆಲ್ಲ ಟ್ರಂಕು ಹೊತ್ತುಕೊಂಡು ಹೋಗಿ, ಮೂವತ್ತು ವರ್ಷಕ್ಕೂ ಮಿಕ್ಕಿ ಸಮಾಜಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ವರದಕ್ಷಿಣೆ ವಿರೋಧಿ ಸಭೆಗೆ ಕರೆದರೆ ಈಕೆ ಬಾಣಂತನದ ವಿಷಯ ಎತ್ತಿಕೊಂಡು ಬಂದಿದ್ದಾಳಲ್ಲ ಎಂದು ನಿಮಗೆ ಅನ್ನಿಸಬಹುದು. ವರದಕ್ಷಿಣೆ ಎಂದ ಕೂಡಲೆ ನಮ್ಮ ಕಣ್ಣಿಗೆ ಬರುವುದು ಸೀಮೆಎಣ್ಣೆ, ಸ್ಟೌವು, ಬಾವಿ, ನೇಣಿನ ಹಗ್ಗ. ಅದು ಸಹಜ, ಸತ್ತವರ ಲೆಕ್ಕ ಹಿಡಿಯುವುದಕ್ಕೇ ನಮ್ಮ ಸಂಘಟನೆಗಳು ಅಷ್ಟೊಂದು ಹೋರಾಡಬೇಕಾಯಿತು. ಆದರೆ ಸಾಯದೆ ಉಳಿದವಳ ಮೈಮೇಲೆ ನಡೆದ ಹಿಂಸೆ ಇನ್ನೆಲ್ಲೋ ಲೆಕ್ಕಕ್ಕೆ ಸೇರಿಕೊಂಡುಬಿಡುತ್ತದೆ. ಅಂಥ ಒಂದು ಜಾಗ ಹೆರಿಗೆ ವಾರ್ಡಿನ ರಿಜಿಸ್ಟರು. ಅಲ್ಲಿ ಅದಕ್ಕೆ ಹಿಂಸೆ ಎಂಬ ಹೆಸರಿಲ್ಲ. ‘ಅವಧಿಪೂರ್ವ ಹೆರಿಗೆ’ ಎಂದಿರುತ್ತದೆ, ಕಾರಣದ ಜಾಗದಲ್ಲಿ ‘ಜಾರಿ ಬಿದ್ದದ್ದು’ ಎಂದಿರುತ್ತದೆ.

ಮೊದಲು ವಿಷಯವೇನೆಂದು ಸ್ವಲ್ಪ ಬಿಡಿಸಿಕೊಳ್ಳೋಣ. ಮೂವತ್ತೇಳು ವಾರ ತುಂಬುವ ಮೊದಲೇ ಹುಟ್ಟಿದ ಮಗು ದಿನ ತುಂಬದ ಮಗು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಜಗತ್ತಿನಲ್ಲಿ 1 ಕೋಟಿ 34 ಲಕ್ಷ ಮಕ್ಕಳು ಹೀಗೆ ಹುಟ್ಟಿದವು. ಅಂದರೆ ಹತ್ತು ಮಕ್ಕಳಲ್ಲಿ ಒಂದು. ಅದರಲ್ಲಿ ಸುಮಾರು 30 ಲಕ್ಷ ನಮ್ಮ ದೇಶದವು. ಇಷ್ಟು ಸಂಖ್ಯೆ ಬೇರೆ ಯಾವ ದೇಶದಲ್ಲೂ ಇಲ್ಲ. ಐದು ವರ್ಷದೊಳಗಿನ ಮಕ್ಕಳ ಸಾವಿಗೆ ಇಂದು ಜಗತ್ತಿನಲ್ಲಿ ಮೊದಲನೆಯ ಕಾರಣ ಇದೇ; 2019ರಲ್ಲಿ ಸುಮಾರು 9 ಲಕ್ಷ ಮಕ್ಕಳು ಇದರಿಂದ ಉಂಟಾದ ತೊಂದರೆಗಳಲ್ಲಿ ತೀರಿಕೊಂಡವು. ಇಪ್ಪತ್ತೆಂಟು ವಾರಕ್ಕೂ ಮೊದಲು ಹುಟ್ಟಿದ ಮಗು ಶ್ರೀಮಂತ ದೇಶದಲ್ಲಿ ಬಹುಮಟ್ಟಿಗೆ ಬದುಕುತ್ತದೆ, ಬಡ ದೇಶದಲ್ಲಿ ಬಹುಮಟ್ಟಿಗೆ ಸಾಯುತ್ತದೆ. ಮಗು ಅದೇ, ತೂಕ ಅದೇ, ಹುಟ್ಟಿದ ಊರು ಮಾತ್ರ ಬೇರೆ.

ನಮ್ಮ ಕಡೆ ಒಂದು ನಂಬಿಕೆ ಇದೆ, ನಿಮ್ಮಲ್ಲಿ ಹಲವರು ಕೇಳಿರುತ್ತೀರಿ: ಏಳು ತಿಂಗಳಿಗೆ ಹುಟ್ಟಿದ್ದು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ ಎಂದು. ಇದು ಸುಳ್ಳು. ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಮಗುವಿಗೆ ಲಾಭವೇ. ಈ ನಂಬಿಕೆಯಿಂದ ಎಂಟು ತಿಂಗಳ ಮಗುವಿನ ಮೇಲೆ ಮನೆಯವರು ಆಸೆ ಬಿಟ್ಟು, ಬೇಗ ಆಸ್ಪತ್ರೆಗೆ ಒಯ್ಯದ ಉದಾಹರಣೆಗಳಿವೆ, ಅದಕ್ಕಾಗಿ ಹೇಳಿದೆ.

ಕಾರಣಗಳು ಹಲವು. ಮೂತ್ರದ ಸೋಂಕು, ರಕ್ತದ ಒತ್ತಡ, ಸಕ್ಕರೆ ಕಾಯಿಲೆ, ಅವಳಿ ಮಕ್ಕಳು, ಒಂದು ಹೆರಿಗೆಯಾಗಿ ವರ್ಷ ತುಂಬುವುದರೊಳಗೆ ಮತ್ತೆ ಬಸುರಾಗುವುದು, ತೀರ ಎಳೆ ವಯಸ್ಸಿನಲ್ಲಿ ಬಸುರಾಗುವುದು, ರಕ್ತಹೀನತೆ. ಎಷ್ಟೋ ಸಲ ಕಾರಣವೇ ಗೊತ್ತಾಗುವುದಿಲ್ಲ. ಆದ್ದರಿಂದ ದಿನ ತುಂಬದೆ ಹೆತ್ತವಳ ಗಂಡನೆಲ್ಲ ಹೊಡೆಯುವ ಗಂಡ ಎಂದು ನಾನು ಹೇಳುತ್ತಿಲ್ಲ. ಆದರೆ ಇದೇ ಪಟ್ಟಿಯನ್ನು ಇನ್ನೊಮ್ಮೆ ನಮ್ಮ ಕಣ್ಣಿನಿಂದ ನೋಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 21 ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಬಸುರಿಯರಲ್ಲಿ ನೂರಕ್ಕೆ 45ಕ್ಕೂ ಹೆಚ್ಚು ಮಂದಿ ರಕ್ತಹೀನರು. ಹೆಣ್ಣು ದೊಡ್ಡವಳಾದಷ್ಟೂ ವರದಕ್ಷಿಣೆ ಏರುತ್ತದೆ ಎಂದು ಬೇಗ ಮದುವೆ ಮಾಡುತ್ತಾರೆ. ಮೊದಲನೆಯದು ಹೆಣ್ಣಾಯಿತೆಂದು ಮಾರನೆಯ ವರ್ಷವೇ ಇನ್ನೊಂದಕ್ಕೆ ಒತ್ತಾಯಿಸುತ್ತಾರೆ. ಎಲ್ಲರ ಊಟವಾದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದು ಸೊಸೆಗೆ. ಜಾಸ್ತಿ ತಿಂದರೆ ಮಗು ದಪ್ಪವಾಗಿ ಹೆರಿಗೆ ಕಷ್ಟ ಎಂಬ ಬುದ್ಧಿಮಾತೂ ಜೊತೆಗೆ. ವೈದ್ಯರು ಒಂದೊಂದಾಗಿ ಬರೆಯುವ ಈ ಕಾರಣಗಳಲ್ಲಿ ಅರ್ಧದಷ್ಟು ಒಂದೇ ಮನೆಯಲ್ಲಿ, ಒಂದೇ ಅಡುಗೆಮನೆಯಲ್ಲಿ ಸಿಗುತ್ತವೆ.

ಅರಕಲಗೂಡಿನ ಕಡೆಯವರು ಇಲ್ಲಿದ್ದೀರಿ. ರಾಮನಾಥಪುರದ ಹರಾಜು ಕಟ್ಟೆಗೆ ಹೋಗುವ ಹೊಗೆಸೊಪ್ಪನ್ನು ಕಡ್ಡಿಗೆ ಪೋಣಿಸುವವರು, ಬೇಲು ಕಟ್ಟುವ ಮುನ್ನ ಎಲೆ ವಿಂಗಡಿಸುವವರು ಯಾರು? ಹೆಚ್ಚಾಗಿ ಹೆಂಗಸರು. ಒದ್ದೆ ಎಲೆ ಮುಟ್ಟಿದರೆ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ, ತಲೆ ಸುತ್ತುತ್ತದೆ, ವಾಂತಿಯಾಗುತ್ತದೆ. ಬಸುರಿಗೆ ವಾಂತಿಯಾದರೆ ಅದು ಬಸುರಿನ ವಾಂತಿ ಎಂದು ಎಲ್ಲರೂ ನಗುತ್ತಾರೆ. ಬ್ಯಾರನ್ ಹೊತ್ತಿಸುವ ದಿನಗಳಲ್ಲಿ ಆಕೆ ಕೂರುವಂತಿಲ್ಲ, ಮಲಗುವಂತಿಲ್ಲ. ಇದನ್ನು ಕೌಟುಂಬಿಕ ಹಿಂಸೆ ಎಂದು ಕರೆಯಬೇಕೋ ಬೇಡವೋ ಎಂದು ನಾವು ಚರ್ಚೆ ಮಾಡುತ್ತ ಕೂರಬಹುದು. ಬೇಡ ಎನ್ನುವ ಹಕ್ಕು ಅವಳಿಗಿಲ್ಲ ಎಂಬುದರಲ್ಲಿ ಚರ್ಚೆಯಿಲ್ಲ.

ಇನ್ನು ನೇರ ಏಟಿನ ವಿಷಯ. ಬಸುರಿಯ ಹೊಟ್ಟೆಗೆ ಗುದ್ದು ಬಿದ್ದರೆ, ಒದೆ ಬಿದ್ದರೆ, ಮಾಸು ಗರ್ಭಕೋಶದ ಗೋಡೆಯಿಂದ ಕಳಚಿಕೊಳ್ಳಬಹುದು. ಮಗುವಿಗೆ ರಕ್ತ, ಉಸಿರು ಎರಡೂ ಬರುವುದು ಆ ಮಾಸಿನಿಂದ. ಅದು ಕಳಚಿದರೆ ಒಳಗೇ ರಕ್ತಸ್ರಾವ, ಅಕಾಲದಲ್ಲಿ ನೋವು, ಕೆಲವೊಮ್ಮೆ ತಾಯಿಯ ಪ್ರಾಣಕ್ಕೂ ಸಂಚಕಾರ. ಹೊರಗೆ ರಕ್ತ ಕಾಣಲೇಬೇಕೆಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹತ್ತು ದೇಶಗಳಲ್ಲಿ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ (ಭಾರತ ಅದರಲ್ಲಿ ಇರಲಿಲ್ಲ) ಹೆಚ್ಚಿನ ಕಡೆಗಳಲ್ಲಿ ನೂರಕ್ಕೆ ನಾಲ್ಕರಿಂದ ಹನ್ನೆರಡು ಹೆಂಗಸರು ಬಸುರಿನಲ್ಲಿ ಏಟು ತಿಂದಿದ್ದರು. ಅವರಲ್ಲಿ ಕಾಲು ಭಾಗದಿಂದ ಅರ್ಧದಷ್ಟು ಮಂದಿಗೆ ಹೊಟ್ಟೆಗೇ ಗುದ್ದು ಅಥವಾ ಒದೆ ಬಿದ್ದಿತ್ತು. ಹೊಡೆದವನು ಬಹುಪಾಲು ಆ ಮಗುವಿನ ಅಪ್ಪನೇ. ಅದೇ ಸಂಸ್ಥೆಯ 2013ರ ವರದಿ, ಸಂಗಾತಿಯಿಂದ ಹಿಂಸೆ ಅನುಭವಿಸಿದವರಿಗೆ ಕಡಿಮೆ ತೂಕದ ಮಗು ಹುಟ್ಟುವ ಸಂಭವ ಉಳಿದವರಿಗಿಂತ ಶೇಕಡಾ 16ರಷ್ಟು ಹೆಚ್ಚು ಎಂದು ಹೇಳಿತು. ಏಟೇ ಬೀಳಬೇಕೆಂದಿಲ್ಲ, ದಿನವೂ ಹೆದರಿಕೊಂಡು ಬದುಕುವ ದೇಹ, ಸರಿಯಾಗಿ ಉಣ್ಣದ, ತಪಾಸಣೆಗೆ ಹೋಗಲು ಬಿಡದ ದೇಹ ಇನ್ನೇನು ಮಾಡೀತು?

ನಮ್ಮ ಪುರಾಣದಲ್ಲೂ ಬಸುರಿನ ಹೊಟ್ಟೆಗೆ ಏಟು ಬಿದ್ದ ಕಥೆ ಇದೆ. ಆದರೆ ಅಲ್ಲಿ ಹೊಡೆದವಳು ಗಾಂಧಾರಿಯೇ, ತನ್ನ ಹೊಟ್ಟೆಗೆ ತಾನೇ, ಹೊಟ್ಟೆಕಿಚ್ಚಿನಿಂದ! ಕಥೆ ಕಟ್ಟುವವರಿಗೆ ಅಷ್ಟು ಅನುಕೂಲ ಇದ್ದೇ ಇರುತ್ತದೆ.

ಕರ್ನಾಟಕದ ಅಂಕಿ-ಅಂಶವನ್ನು ಗಮನಿಸಿ. 2015–16ರ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆಯಾಗಿದೆ ಎಂದು ಹೇಳಿದ ವಿವಾಹಿತೆಯರು ನೂರಕ್ಕೆ 20.6. ಐದೇ ವರ್ಷಕ್ಕೆ, 2019–21ರಲ್ಲಿ, ಅದು 44.4. ದೇಶದಲ್ಲೇ ಅತಿ ಹೆಚ್ಚು. ಐದು ವರ್ಷದಲ್ಲಿ ನಮ್ಮ ಗಂಡಸರು ಇಮ್ಮಡಿ ಕ್ರೂರಿಗಳಾದರೆ? ನನಗೆ ಹಾಗನ್ನಿಸುವುದಿಲ್ಲ. ಕೇಳುವವರು ಹೇಗೆ ಕೇಳಿದರು, ಯಾರ ಎದುರಿಗೆ ಕೇಳಿದರು ಎನ್ನುವುದರ ಮೇಲೆ ಉತ್ತರ ನಿಂತಿರುತ್ತದೆ. ಅತ್ತೆ ಪಕ್ಕದಲ್ಲಿ ಕೂತಿರುವಾಗ ಕೇಳಿದರೆ ಯಾವ ಸೊಸೆ ತಾನೆ ಬಾಯಿ ಬಿಡುತ್ತಾಳೆ? ಈ ಮಾತಿಗೆ ಆಮೇಲೆ ಮತ್ತೆ ಬರುತ್ತೇನೆ.

ಹೊಳೆನರಸೀಪುರದ ಕಡೆಯ ಒಂದು ಹಳ್ಳಿಯ ಹೆಣ್ಣುಮಗಳ ವಿಷಯ ಹೇಳಬೇಕು. ನನ್ನ ಹತ್ತಿರ ಬಿ.ಎ. ಓದಿದವಳು. ಸೀಮಂತಕ್ಕೆ ಬಂದ ತವರಿನವರು ಸೀರೆ, ಬಳೆ, ಹಣ್ಣು ತಂದರು, ಅಳಿಯನಿಗೆ ಒಪ್ಪಿಕೊಂಡಿದ್ದ ಬೈಕಿನ ಬಾಕಿ ದುಡ್ಡು ತರಲಿಲ್ಲ. ಸೀಮಂತ ಮುಗಿಸಿ ಬಾಣಂತನಕ್ಕೆ ಕರೆದುಕೊಂಡು ಹೋಗುವುದು ವಾಡಿಕೆ ತಾನೆ? ಕಳಿಸಲಿಲ್ಲ. ನಾಲ್ಕನೆಯ ದಿನ ರಾತ್ರಿ ಒದೆ. ರಾತ್ರಿಯೆಲ್ಲ ಹೊಟ್ಟೆ ಕಲ್ಲಿನಂತಾಯಿತಂತೆ. ಮೈಮೇಲಿನ ಬಾವು ಇಳಿಯಲಿ ಎಂದು ಮಾರನೆಯ ದಿನವೂ ಮನೆಯಲ್ಲೇ ಇಟ್ಟುಕೊಂಡರು. ಸಂಜೆಗೆ ಒಂದು ಆಸ್ಪತ್ರೆಗೆ ಒಯ್ದಾಗ ಹೆರಿಗೆ ಶುರುವಾಗಿತ್ತು. ಒಂದು ಕಿಲೋ ಇನ್ನೂರು ಗ್ರಾಮಿನ ಗಂಡು ಮಗು. ನಾಲ್ಕು ದಿನ ಇತ್ತು. “ಬಚ್ಚಲಲ್ಲಿ ಜಾರಿಬಿದ್ದೆ ಅಂತ ಅವರೇ ಬರೆಸಿದ್ರು ಮೇಡಂ, ನಾನು ಹೂಂ ಅಂದೆ. ಅತ್ತೆ ಕೈ ಹಿಡ್ಕೊಂಡೇ ನಿಂತಿದ್ರು” ಎಂದಳು. ವರ್ಷದ ಮೇಲೆ ಆಕೆ ದೂರು ಕೊಡಲು ಹೊರಟಾಗ ಆ ‘ಹೂಂ’ ಅವಳಿಗೇ ಅಡ್ಡ ಬಂತು. ಆಸ್ಪತ್ರೆಯ ಕಾಗದದಲ್ಲಿ ಬಚ್ಚಲು ಇತ್ತು, ಗಂಡ ಇರಲಿಲ್ಲ.

ಇಲ್ಲಿ ವೈದ್ಯಕೀಯದ ಒಂದು ಸಂಗತಿ ಸೇರಿಸಬೇಕು, ಯಾಕೆಂದರೆ ಆ ಒಂದು ಹಗಲಿನ ಬೆಲೆ ಏನು ಎಂಬುದು ಅದರಿಂದ ತಿಳಿಯುತ್ತದೆ. ದಿನ ತುಂಬದ ಮಗುವಿನ ಶ್ವಾಸಕೋಶ ಬಲಿತಿರುವುದಿಲ್ಲ. ನ್ಯೂಜಿಲೆಂಡಿನ ಲಿಗ್ಗಿನ್ಸ್ ಮತ್ತು ಹೋವಿ ಎಂಬ ವೈದ್ಯರು 1972ರಲ್ಲಿ ತೋರಿಸಿಕೊಟ್ಟರು: ಹೆರಿಗೆಗೆ ಮುಂಚೆ ತಾಯಿಗೆ ಸ್ಟಿರಾಯಿಡ್ ಚುಚ್ಚುಮದ್ದು ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ. ಅಂಥ ಔಷಧಿಗಳಲ್ಲಿ ಒಂದಾದ ಡೆಕ್ಸಾಮೆಥಸೋನ್ ಬಹಳ ಅಗ್ಗ. ದೊಡ್ಡಾಸ್ಪತ್ರೆಗೆ ಕಳಿಸುವ ಮುನ್ನ ಮೊದಲನೆಯ ಚುಚ್ಚುಮದ್ದನ್ನು ಎ.ಎನ್.ಎಂ. ಕೂಡ ಕೊಡಬಹುದೆಂದು ಕೇಂದ್ರ ಸರ್ಕಾರ 2014ರಲ್ಲೇ ಮಾರ್ಗಸೂಚಿ ಮಾಡಿದೆ. ಬೆಳಗಾವಿಯೂ ಒಂದು ಕೇಂದ್ರವಾಗಿದ್ದ, 2020ರಲ್ಲಿ ಪ್ರಕಟವಾದ ಐದು ದೇಶಗಳ ಅಧ್ಯಯನವೊಂದು, ಇದರಿಂದ ನಮ್ಮಂಥ ದೇಶಗಳಲ್ಲೂ ಮಕ್ಕಳ ಸಾವು ಕಡಿಮೆಯಾಗುತ್ತದೆಂದು ದೃಢಪಡಿಸಿತು. ಆದರೆ ಔಷಧಿ ಕೆಲಸ ಮಾಡಲು ಗಂಟೆಗಳು ಬೇಕು. ಬಾವು ಇಳಿಯಲಿ ಎಂದು ಕಾಯ್ದ ಆ ಮನೆಯವರು ಮಗುವಿನಿಂದ ಕಸಿದುಕೊಂಡದ್ದು ಆ ಗಂಟೆಗಳನ್ನೇ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳಿಂದ ಹಾಸನದ ಚಾಮರಾಜೇಂದ್ರ ಆಸ್ಪತ್ರೆಗೆ ಮೂವತ್ತು ನಲವತ್ತು ಕಿಲೋಮೀಟರು. ದೂರ ಅಷ್ಟೇನಲ್ಲ. ತಡವಾದದ್ದು ರಸ್ತೆಯಲ್ಲಲ್ಲ, ಹೊಸ್ತಿಲಲ್ಲಿ.

ಇನ್ನೊಂದು ರೀತಿಯ ಹಿಂಸೆಯೂ ಇದೆ. ಹೆರಿಗೆಯಾದ ಮೇಲೆ ಶುರುವಾಗುವುದು. ಚನ್ನರಾಯಪಟ್ಟಣದ ಹತ್ತಿರದ ಇನ್ನೊಬ್ಬ ಹಳೆಯ ವಿದ್ಯಾರ್ಥಿನಿ ಒಂದು ದಿನ ಫೋನು ಮಾಡಿ ಅಳುತ್ತಿದ್ದಳು. ಮೇ ಮೊದಲ ವಾರದಲ್ಲಿ ಮದುವೆ, ಡಿಸೆಂಬರ್ ಎರಡನೆಯ ವಾರದಲ್ಲಿ ಹೆರಿಗೆ. ಅತ್ತೆ ಬೆರಳು ಮಡಿಸಿ ಎಣಿಸಿದರು: ಏಳೇ ತಿಂಗಳು. ಅಷ್ಟಕ್ಕೆ ನಿಂತಿದ್ದರೆ ಮಗು ಅವಧಿಗೆ ಮುಂಚೆ ಹುಟ್ಟಿತೆಂದು ಹೇಗೋ ಒಪ್ಪುತ್ತಿದ್ದರೇನೋ. ಆದರೆ ಓದಿದ ಮೈದುನನೊಬ್ಬ ಆಸ್ಪತ್ರೆಯ ಚೀಟಿ ಹಿಡಿದು ಲೆಕ್ಕ ಹಾಕಿದ. ಮದುವೆಯಾಗಿ ಮೂವತ್ತೊಂದು ವಾರ, ಚೀಟಿಯಲ್ಲಿ ಮೂವತ್ತೆರಡು ವಾರ! ಹಾಗಾದರೆ ಮಗು ಯಾರದು? ತವರಿನವರು ಬಂದು ಕರೆದುಕೊಂಡು ಹೋಗಲಿ, ಇಲ್ಲವೇ ಕಳಂಕಕ್ಕೆ ತಕ್ಕಷ್ಟು ಕೊಟ್ಟು ಬಾಯಿ ಮುಚ್ಚಿಸಲಿ ಎಂದು ಪಂಚಾಯ್ತಿ ಕೂಡಿಸುವ ಮಟ್ಟಕ್ಕೆ ಬಂದಿತ್ತು.

ಗೆಳತಿಯರೇ, ಇದನ್ನು ದಯವಿಟ್ಟು ನೆನಪಿಟ್ಟುಕೊಂಡು ಹಳ್ಳಿ ಹಳ್ಳಿಗೆ ಹೇಳಿ. ವೈದ್ಯರು ಬಸುರಿನ ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಬಸುರು ನಿಲ್ಲುವುದು ಅದಾದ ಸುಮಾರು ಎರಡು ವಾರದ ಮೇಲೆ. ಆದ್ದರಿಂದ ಚೀಟಿಯ ಲೆಕ್ಕ ಯಾವಾಗಲೂ ನಿಜವಾದ ಬಸುರಿಗಿಂತ ಎರಡು ವಾರ ಹೆಚ್ಚೇ ಇರುತ್ತದೆ. ಮದುವೆಯ ದಿನಕ್ಕಿಂತ ಹಿಂದಕ್ಕೂ ಹೋಗಬಹುದು. ಅದು ಎಣಿಕೆಯ ಪದ್ಧತಿ, ಯಾರ ಶೀಲದ ಪ್ರಶ್ನೆಯೂ ಅಲ್ಲ. ಆ ಹುಡುಗಿಯ ಹತ್ತಿರ ಮೊದಲ ಮೂರು ತಿಂಗಳೊಳಗೆ ಮಾಡಿಸಿದ ಸ್ಕ್ಯಾನಿಂಗ್ ಕಾಗದ ಇತ್ತು. ಮಗುವಿನ ವಯಸ್ಸನ್ನು ಅಷ್ಟು ಸರಿಯಾಗಿ ಹೇಳುವ ದಾಖಲೆ ಆಮೇಲಿನ ಯಾವ ಸ್ಕ್ಯಾನಿಂಗೂ ಅಲ್ಲ. ನಾವು ಮೂವರು ಆ ಕಾಗದ ಹಿಡಿದು ಹೋದೆವು, ವೈದ್ಯರೊಬ್ಬರು ಬಂದು ಬಿಡಿಸಿ ಹೇಳಿದರು. ಒಪ್ಪಿದರು, ಕ್ಷಮೆ ಮಾತ್ರ ಯಾರೂ ಕೇಳಲಿಲ್ಲ. ಹೆಣ್ಣಿನ ಮಾತನ್ನು ನಂಬಲು ಒಂದು ಕಾಗದ ಬೇಕಾಯಿತು ಎಂಬುದು ನನಗೆ ಈಗಲೂ ಸಿಟ್ಟು ತರಿಸುತ್ತದೆ. ಆದರೂ ಹೇಳುತ್ತೇನೆ, ಆ ಕಾಗದವನ್ನು ತಾಯಿ ಕಾರ್ಡಿನ ಜೊತೆಗೆ, ಸಾಧ್ಯವಾದರೆ ತವರಿನಲ್ಲಿ, ಜೋಪಾನವಾಗಿ ಇಡಿ.

ಮಗು ಉಳಿದರೂ ಕಷ್ಟ ಮುಗಿಯುವುದಿಲ್ಲ. ಖಾಸಗಿ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಇಟ್ಟರೆ ಬಿಲ್ಲು ಯಾರು ಕಟ್ಟಬೇಕು? ‘ಬಾಣಂತನ ತವರಿನದು’ ಎಂಬ ಸಂಪ್ರದಾಯ ಇಲ್ಲಿ ಹೊಸ ವರದಕ್ಷಿಣೆಯಾಗಿ ಬರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯೂ, ಕಾಯಿಲೆಯ ಹಸುಗೂಸಿನ ಚಿಕಿತ್ಸೆಯೂ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ ಎಂಬುದನ್ನು ತಿಳಿಯದೆ ಹೊಲ ಅಡವಿಟ್ಟವರನ್ನು ನಾನು ಬಲ್ಲೆ. ಎಲ್ಲ ಮಗುವಿಗೂ ಗಾಜಿನ ಪೆಟ್ಟಿಗೆಯೇ ಬೇಕೆಂದೂ ಇಲ್ಲ. ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ 1978–79ರ ಸುಮಾರಿಗೆ, ಪೆಟ್ಟಿಗೆಗಳು ಸಾಲದೆ ಹೋದಾಗ, ಎಡ್ಗರ್ ರೇ ಎಂಬ ವೈದ್ಯರು ಮಗುವನ್ನು ತಾಯಿಯ ಬರಿ ಎದೆಗೆ ಕಟ್ಟಿ ಕಾಪಾಡುವ ಕ್ರಮ ತಂದರು. ಕಾಂಗರೂ ಆರೈಕೆ ಎನ್ನುತ್ತಾರೆ. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಇದನ್ನು ಶುರುಮಾಡಿದರೆ ಸಾವು ನಾಲ್ಕರಲ್ಲಿ ಒಂದರಷ್ಟು ಕಡಿಮೆಯಾಯಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಸರ್ಕಾರದ ಜೊತೆ ಸೇರಿ ಇದನ್ನು ಸಾಮಾನ್ಯ ಸರ್ಕಾರಿ ಆಸ್ಪತ್ರೆಗಳಲ್ಲೇ ಮಾಡಿ ತೋರಿಸಿದ್ದಾರೆ. ದುಡ್ಡು ಬೇಡ. ಬೇಕಾದದ್ದು ತಾಯಿ ದಿನಕ್ಕೆ ಎಂಟು, ಹತ್ತು, ಹದಿನಾರು ಗಂಟೆ ಬೇರೆ ಕೆಲಸವಿಲ್ಲದೆ ಮಗುವನ್ನು ಅಪ್ಪಿಕೊಂಡು ಕೂರುವುದು. ಹೇಳಿ, ನಿಮ್ಮ ಊರಿನ ಯಾವ ಅತ್ತೆಮನೆಯಲ್ಲಿ ಸೊಸೆಗೆ ಅಷ್ಟು ಹೊತ್ತು ಕೂರಲು ಬಿಡುತ್ತಾರೆ? ಅಪ್ಪನ ಎದೆಯೂ ಅಷ್ಟೇ ಬೆಚ್ಚಗಿರುತ್ತದೆ, ಅವನೂ ಕಟ್ಟಿಕೊಳ್ಳಬಹುದು. ಹೀಗೆಂದಾಗ ಸಭೆಯಲ್ಲಿ ನಗು ಬರುತ್ತದೆ ಎಂದು ನನಗೆ ಗೊತ್ತಿತ್ತು.

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು, ಅಂದರೆ ಮಿಷನ್ ಆಸ್ಪತ್ರೆಯನ್ನು, ನಮ್ಮ ಕಡೆಯ ಹಿರಿಯರು ಬಲ್ಲರು. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕವನ್ನು ಬರೆದಿಟ್ಟ ಪುಸ್ತಕಗಳಿದ್ದವು. 1934ರಿಂದ 1954ರ ನಡುವೆ ಹುಟ್ಟಿದವರನ್ನು ಮೈಸೂರಿನಲ್ಲಿ ಹುಡುಕಿ ಪರೀಕ್ಷಿಸಿದಾಗ, ಸಣ್ಣದಾಗಿ ಹುಟ್ಟಿದವರಲ್ಲಿ, ಅದರಲ್ಲೂ ತೂಕ ಕಡಿಮೆಯಿದ್ದ ತಾಯಂದಿರ ಮಕ್ಕಳಲ್ಲಿ, ಹೃದಯದ ಕಾಯಿಲೆ ಹೆಚ್ಚು ಎಂದು ಕಂಡುಬಂತು. 1996ರಲ್ಲಿ ಅದು ಪ್ರಕಟವಾಯಿತು. ಯಾರೋ ದಾದಿಯರು ಶ್ರದ್ಧೆಯಿಂದ ಬರೆದಿಟ್ಟ ತೂಕ ಅರವತ್ತು ವರ್ಷದ ನಂತರ ಸಾಕ್ಷಿ ಹೇಳಿತು. ಬರೆದಿಡುವುದು ಎಂದರೆ ಇಷ್ಟು.

ಆದ್ದರಿಂದಲೇ ನನ್ನ ಒತ್ತಾಯ ಬರೆದಿಡುವುದರ ಮೇಲೆ. ತಾಯಿ ಕಾರ್ಡಿನಲ್ಲಿ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್, ಎಲ್ಲಕ್ಕೂ ಜಾಗವಿದೆ. ಮನೆಯಲ್ಲಿ ನಿನಗೆ ಹೆದರಿಕೆ ಇದೆಯೇ ಎಂಬುದಕ್ಕೆ ಇಲ್ಲ. ಬೆಂಬಲ ಕೊಡುವ ವ್ಯವಸ್ಥೆ ಇರುವ ಕಡೆ ಗರ್ಭಿಣಿಯರ ತಪಾಸಣೆಯಲ್ಲಿ ಇದನ್ನು ಕೇಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ. ಮುಂಬಯಿಯಲ್ಲಿ ‘ದಿಲಾಸಾ’ ಎಂಬ ಕೇಂದ್ರವನ್ನು 2000ದ ಸುಮಾರಿಗೇ ನಗರಪಾಲಿಕೆಯ ಆಸ್ಪತ್ರೆಯೊಳಗೇ ತೆರೆದರು. ಏಟು ತಿಂದು ಬಂದವಳನ್ನು ಬ್ಯಾಂಡೇಜು ಕಟ್ಟಿ ಕಳಿಸಿಬಿಡದೆ ಕೂರಿಸಿ ಮಾತಾಡಿಸುತ್ತಾರೆ. ಇದು ನಮ್ಮಲ್ಲಿ ಆಗದ ಕೆಲಸವಲ್ಲ. ಹೆರಿಗೆ ಕೋಣೆಯಿಂದ ಅತ್ತೆಯನ್ನು ಎರಡು ನಿಮಿಷ ಹೊರಗೆ ಕಳಿಸಿ, “ನೋವು ಹೇಗೆ ಶುರುವಾಯ್ತಮ್ಮ?” ಎಂದು ದಾದಿಯೊಬ್ಬರು ಕೇಳಿ, ಹೇಳಿದ್ದನ್ನು ಹೇಳಿದಂತೆಯೇ ಬರೆದರೆ ಸಾಕು.

ಆಶಾ ಕಾರ್ಯಕರ್ತೆಯರಿಗೆ ಇದು ಸುಲಭವಲ್ಲ ಎಂದು ನನಗೆ ಗೊತ್ತು. ನೀವು ಅದೇ ಊರಿನ ಸೊಸೆಯಂದಿರು. ಇವತ್ತು ಬರೆದರೆ ನಾಳೆ ನಿಮ್ಮ ಮನೆ ಬಾಗಿಲಿಗೇ ಬರುತ್ತಾರೆ. ಆದ್ದರಿಂದ ಊರಿನಲ್ಲಿ ಕೇಳುವ ಭಾರ ನಿಮ್ಮ ತಲೆಗೆ ಹೊರಿಸುವುದು ನ್ಯಾಯವಲ್ಲ. ಆಸ್ಪತ್ರೆಯೊಳಗೆ ಕೇಳಲಿ, ವೈದ್ಯರು ಸಹಿ ಮಾಡಲಿ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕೌಟುಂಬಿಕ ಹಿಂಸೆ ತಡೆ ಕಾಯಿದೆಯ 7ನೆಯ ಕಲಮು, ನೊಂದ ಹೆಂಗಸಿಗೆ ಚಿಕಿತ್ಸೆ ಕೊಡುವುದು ಆಸ್ಪತ್ರೆಯ ಕರ್ತವ್ಯ ಎನ್ನುತ್ತದೆ. 20ನೆಯ ಕಲಮಿನಲ್ಲಿ ವೈದ್ಯಕೀಯ ವೆಚ್ಚವನ್ನು ಗಂಡನಿಂದ ಕೊಡಿಸಬಹುದು. ದಿನ ತುಂಬದ ಮಗುವಿನ ಹೆರಿಗೆಯ ಖರ್ಚನ್ನು ಇದರಡಿ ಕೇಳಲು ನಮ್ಮ ವಕೀಲ ಗೆಳತಿಯರು ಮುಂದಾಗಬೇಕು. ಹಳೆಯ 498ಎ ಈಗ, 2024ರ ಜುಲೈ 1ರಿಂದ, ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೆಯ ಕಲಮುಗಳಾಗಿದೆ. ಹೆಂಗಸಿನ ಆರೋಗ್ಯಕ್ಕೆ ಅಪಾಯ ತರುವ ಕ್ರೌರ್ಯ ಅದರಲ್ಲಿ ಸ್ಪಷ್ಟವಾಗಿ ಇದೆ. ಹೊಟ್ಟೆಯೊಳಗೇ ಮಗು ಸತ್ತರೆ ಅದಕ್ಕೆ ಬೇರೆ ಕಲಮುಗಳಿವೆ. ಜೀವಂತ ಹುಟ್ಟಿ ನಾಲ್ಕು ದಿನ ಇದ್ದು ಹೋದರೆ, ಅಥವಾ ಕಣ್ಣು ಕಿವಿಯ ಊನದೊಂದಿಗೆ ಉಳಿದರೆ, ಒದೆಗೂ ಅದಕ್ಕೂ ನಡುವಿನ ಕೊಂಡಿಯನ್ನು ಸಾಬೀತು ಮಾಡುವ ಹೊಣೆ ಅವಳ ಮೇಲೇ ಬೀಳುತ್ತದೆ. ಆ ಕೊಂಡಿ ಇರುವುದು ಕೇಸ್ ಶೀಟಿನ ಮೊದಲ ಪುಟದಲ್ಲಿ.

ಊಟದ ಹೊತ್ತಾಯಿತು, ಬಸ್ಸಿಗೆ ಹೋಗುವವರಿದ್ದೀರಿ. ಊಟದ ನಂತರ ನಾಲ್ಕೂ ತಾಲ್ಲೂಕಿನವರು ಬೇರೆ ಬೇರೆ ಕೂತು ಒಂದು ಕೆಲಸ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿ ಎಂದರೆ ನಿಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ, ಅಂಗನವಾಡಿಯವರಿಗೆ ಅವರ ಫೋನ್ ನಂಬರು ಗೊತ್ತಿರುತ್ತದೆ. ಅದನ್ನೂ, 181 ಎಂಬ ಮಹಿಳಾ ಸಹಾಯವಾಣಿಯನ್ನೂ, 108ನ್ನೂ ದಪ್ಪ ಅಕ್ಷರದಲ್ಲಿ ಒಂದು ಹಾಳೆಯಲ್ಲಿ ಬರೆಯಿರಿ. ಅದನ್ನು ಅಂಗನವಾಡಿಯ ಗೋಡೆಗೆ ಅಂಟಿಸಬೇಡಿ, ಅಲ್ಲಿ ಎಲ್ಲರೂ ನೋಡುತ್ತಾರೆ. ಹೆರಿಗೆ ವಾರ್ಡಿನ ಹೆಂಗಸರ ಪಾಯಿಖಾನೆಯ ಬಾಗಿಲಿನ ಒಳಗಡೆ ಅಂಟಿಸಿ. ಗಂಡ, ಅತ್ತೆ ಇಬ್ಬರೂ ಜೊತೆಗೆ ಬರದ ಜಾಗ ಅದೊಂದೇ.